ಮಸರಕಲ್ಲಿನ ಜೋಡಿ ಫೋಟೊ

ರಾಯಚೂರಿನಲ್ಲಿ ನಾವು ಹಿಡಿದ ಬಾಡಿಗೆ ಮನೆಯೊಳಗೆ ನಾವು ಕಾಲಿಡುವ ಮೊದಲೇ ಒಬ್ಬ ಮುದುಕ ಇದ್ದ. ಗೋಡೆಯ ಮೇಲೆ, ಕಟ್ಟು ಹಾಕಿಸಿದ ಫೋಟೊದಲ್ಲಿ, ರುಮಾಲು ಸುತ್ತಿಕೊಂಡು ಕೂತಿದ್ದ. ಒಂದು ಕಣ್ಣನ್ನು ಹುಳ ತಿಂದಿತ್ತು. ಉಳಿದೊಂದು ಕಣ್ಣು ನೇರವಾಗಿ ಅಡುಗೆಮನೆಯ ಬಾಗಿಲನ್ನು ನೋಡುತ್ತಿತ್ತು. ಇದನ್ನು ತೆಗೆಯಬಹುದೇ ಎಂದು ಕೇಳಿದ್ದಕ್ಕೆ ಮನೆಯೊಡತಿ ನರಸಮ್ಮ ನಕ್ಕರು.

"ಇರ್ಲಿ ಬಿಡ್ರಿ, ನಮ್ಮ ಮಾವಾರು. ಅವ್ರು ಏನೂ ಕೇಳಂಗಿಲ್ಲ. ಮನಿ ಕಾಯ್ತಾರ."

ನಮ್ಮ ಕಡೆ, ಉಡುಪಿಯ ಆಚೆಯ ಕಡಲ ಬದಿಯಲ್ಲಿ, ಮನೆ ಬದಲಿಸುವಾಗ ಹಿರಿಯರ ಫೋಟೊ ಎಲ್ಲಕ್ಕಿಂತ ಮೊದಲು ಗಾಡಿ ಹತ್ತುತ್ತದೆ. ಇಲ್ಲಿ ಅದನ್ನು ಬಾಡಿಗೆಯವರ ಜೊತೆ ಬಿಟ್ಟುಹೋಗಿದ್ದರು. ನನ್ನ ಗಂಡ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸದವರು. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯವರೆಗೆ ನಾನು ಮತ್ತು ಆ ಒಂಟಿ ಕಣ್ಣು.

ಭಯವೆಂದರೆ ಕತ್ತಲು, ಮಳೆ, ತೋಟದಾಚೆಯ ನರಿಯ ಕೂಗು ಎಂದುಕೊಂಡು ಬೆಳೆದವಳು ನಾನು. ಇಲ್ಲಿ ಭಯ ಹಾಡಹಗಲೇ ಬರುತ್ತದೆಂದು ಮೊದಲ ಬೇಸಿಗೆಯಲ್ಲಿ ಗೊತ್ತಾಯಿತು. ಮಧ್ಯಾಹ್ನ ಹನ್ನೆರಡರ ನಂತರ ಬೀದಿ ಖಾಲಿ. ಬಾಗಿಲುಗಳು ಮುಚ್ಚಿರುತ್ತವೆ, ನಾಯಿಗಳೂ ಕಾಣುವುದಿಲ್ಲ. ಬಿಸಿಲು ಎಷ್ಟು ಬಿಳಿಯೆಂದರೆ ಎದುರು ಮನೆಯ ಗೋಡೆ ಕರಗಿ ಹೋದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಎಲ್ಲೋ ಯಾರೋ ಕೆಮ್ಮಿದರೂ ಬೆನ್ನ ಹಿಂದೆಯೇ ಕೆಮ್ಮಿದಂತೆ ಕೇಳಿಸುತ್ತಿತ್ತು.

ಒಂಟಿತನ ತಡೆಯಲಾಗದೆ ಒಂದು ದಿನ ಆ ಮುದುಕನ ಫೋಟೊ ಕೆಳಗಿಳಿಸಿದೆ. ಮದುವೆಗೆ ಮೊದಲು ನಾನು ಊರಿನ ಒಂದು ಸ್ಟುಡಿಯೋದಲ್ಲಿ ಆಲ್ಬಮ್ ಮಾಡುವ ಕೆಲಸದಲ್ಲಿದ್ದೆ. ಹಳೆಯ ಲ್ಯಾಪ್‌ಟಾಪು ಜೊತೆಗಿತ್ತು. ಫೋಟೊದ ಪ್ರತಿ ತೆಗೆದು, ಹುಳ ತಿಂದ ಕಣ್ಣಿನ ಜಾಗದಲ್ಲಿ ಇನ್ನೊಂದು ಕಣ್ಣು ಕೂರಿಸಿ, ಪ್ರಿಂಟ್ ಹಾಕಿಸಿ ನರಸಮ್ಮನ ಕೈಗಿತ್ತೆ. ಅವರು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು.

"ಈಗ ನೋಡಾಕತ್ತಾರ" ಎಂದರು. ಆಮೇಲೆ ಅದನ್ನು ತಮ್ಮ ಮನೆಗೆ ಒಯ್ದರು.

ನನ್ನ ಸಣ್ಣ ಅಂಗಡಿ ಹುಟ್ಟಿದ್ದು ಹೀಗೆ. ನರಸಮ್ಮ ತಮ್ಮ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟರು. ಮೊಬೈಲಿನಲ್ಲಿ ಒಂದು ಪೇಜ್ ಮಾಡಿ, 'ನಿಮ್ಮ ಅಗಲಿದ ಆತ್ಮೀಯರಿಗೆ ಮರುಜೀವ' ಎಂದು ಚಂದವಾಗಿ ಬರೆದು ಹಾಕಿದೆ. ಎರಡು ತಿಂಗಳು ಯಾರೂ ಬರಲಿಲ್ಲ.

"ಹಿಂಗ ಬರದ್ರ ಯಾರ್ ಬರ್ತಾರ್ರೀ?" ಎಂದರು ನರಸಮ್ಮ. "ಸತ್ತವ್ರು ಎದ್ದು ಬರ್ತಾರಂದ್ರ ಮಂದಿ ಅಂಜ್ತದ. ಅದೂ ನೀವು ಪುಸ್ತಕದಾಗಿನ ಮಾತು ಮಾತಾಡ್ತೀರಿ. ನಮ್ಮಂಗ ಮಾತಾಡ್ರಿ. ಸತ್ತವ್ರ ಬಗ್ಗಿ ಅವ್ರ ಮನಿ ಮಂದಿ ಏನ್ ಹೇಳ್ತಾರ, ಅದನ್ನ ಹೇಳ್ರಿ."

ಹಾಗೇ ಮಾಡಿದೆ. ಪೇಜಿಗೆ ಹಾಕಿದ ಮೊದಲ ವಿಡಿಯೊ ಅವರ ಮಾವನದೇ: ಪುಂಡಿಪಲ್ಯ, ಅಂದರೆ ಇಲ್ಲಿಯವರು ಜೋಳದ ರೊಟ್ಟಿಯ ಜೊತೆ ತಿನ್ನುವ ಹುಳಿಸೊಪ್ಪಿನ ಪಲ್ಯ, ಇಲ್ಲದಿದ್ದರೆ ಊಟಕ್ಕೇ ಏಳದ ಹಟಮಾರಿ. ಜನ ನಕ್ಕರು, ತಮ್ಮ ತಾತಂದಿರ ಹಟಗಳನ್ನು ಬರೆದರು. ನಾನು ಒಬ್ಬರನ್ನೂ ಬಿಡದೆ ಉತ್ತರಿಸಿದೆ. ಅರಕೇರಾದಿಂದ, ದೇವದುರ್ಗದಿಂದ, ಮಾನ್ವಿಯಿಂದ ಫೋಟೊಗಳು ಬರತೊಡಗಿದವು. ಕೆಲಸ ಮುಗಿದ ಮೇಲೂ ಅವರು ಬಿಡುತ್ತಿರಲಿಲ್ಲ. ಮಗಳು ಹಡೆದಳು, ಶೇಂಗಾ ಕಿತ್ತೆವು, ಹೊಸ ಮನೆ ಕಟ್ಟಿದೆವು ಎಂದು ಸುದ್ದಿ ಕಳಿಸುತ್ತಿದ್ದರು. ಮುಖ ನೋಡದವರೆಲ್ಲ 'ಫೋಟೊ ಅಕ್ಕಾರು' ಎನ್ನತೊಡಗಿದರು. ಊರಿನಲ್ಲಿ ಇಪ್ಪತ್ತೈದು ವರ್ಷ ಇದ್ದರೂ ನನ್ನನ್ನು ಇಷ್ಟು ಜನ ಮಾತಾಡಿಸಿರಲಿಲ್ಲ.

ಆದರೆ ಈ ಸ್ನೇಹದಲ್ಲಿ ಒಂದು ಬಗೆಯ ನಡುಕವೂ ಇತ್ತು. ಇಲ್ಲಿ ಎಷ್ಟೋ ಮನೆಗಳಲ್ಲಿ ತೀರಿಹೋದವರ ಮೊಬೈಲನ್ನು ಮಕ್ಕಳು ಹಾಗೇ ಬಳಸುತ್ತಾರೆ. ತಾಯಪ್ಪ ಎಂಬವರ ಮುಖವನ್ನು ತಿದ್ದುತ್ತ ಕೂತಿರುವಾಗಲೇ ಪಕ್ಕದ ಮೊಬೈಲಿನಲ್ಲಿ 'ತಾಯಪ್ಪ ಟೈಪ್ ಮಾಡುತ್ತಿದ್ದಾರೆ' ಎಂದು ಕಾಣಿಸುತ್ತಿತ್ತು. ಒಂದು ಕ್ಷಣ ಕೈ ನಿಲ್ಲುತ್ತಿತ್ತು. ನಂತರ 'ಅಕ್ಕಾರ, ನಮ್ಮಪ್ಪನ ಫೋಟೊ ಆತೇನ್ರೀ?' ಎಂಬ ಸಂದೇಶ ಬರುತ್ತಿತ್ತು.

ಕಳೆದ ವರ್ಷ ದೇವದುರ್ಗದಿಂದ ರೇಣುಕಾ ಎಂಬ ಹುಡುಗಿ ಬರೆದಳು. ಹುಟ್ಟೂರು ಮಸರಕಲ್. ದೇವದುರ್ಗದ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ, ಅಲ್ಲೇ ಒಂದು ಕೋಣೆಯಲ್ಲಿ ವಾಸ. ಅಪ್ಪ ಈಚೆಗೆ ತೀರಿಕೊಂಡಿದ್ದ. ಅವ್ವ ಹನ್ನೆರಡು ವರ್ಷದ ಹಿಂದೆ, ಇವಳು ಎಂಟು ವರ್ಷದವಳಿದ್ದಾಗ, ಕಾಲುವೆಗೆ ಬಿದ್ದು ಹೋಗಿದ್ದಳು. ದಂಡೆಯ ಮೇಲೆ ಚಪ್ಪಲಿ ಮಾತ್ರ ಸಿಕ್ಕಿದ್ದವು. ಇಬ್ಬರೂ ಒಟ್ಟಿಗೆ ಇರುವ ಒಂದು ಫೋಟೊವೂ ಇರಲಿಲ್ಲ. ಜೋಡಿ ಫೋಟೊ ಮಾಡಿಕೊಡಿ ಎಂದು ಕೇಳಿದಳು. ಇದು ಇಲ್ಲಿ ಸಾಮಾನ್ಯ ಬೇಡಿಕೆ. ಬೇರೆ ಬೇರೆ ಫೋಟೊಗಳಿಂದ ಇಬ್ಬರನ್ನು ಕತ್ತರಿಸಿ ತಂದು ಪಕ್ಕಪಕ್ಕ ಕೂರಿಸುವುದು.

ಅಪ್ಪನದು ಗುರುತಿನ ಚೀಟಿಯ ಚಿತ್ರ. ಅವ್ವ ಹುಲಿಗೆಮ್ಮನದು ಯಾರದೋ ಮದುವೆಯ ಗುಂಪಿನಲ್ಲಿ, ಮೂಲೆಯಲ್ಲಿ ನಿಂತದ್ದು. ಎರಡು ದಿನ ಆ ಹೆಂಗಸಿನ ಮುಖದೊಳಗೇ ಇದ್ದೆ. ಬಲ ಹುಬ್ಬಿನ ಮೇಲೆ ಒಂದು ಗೀರು ಇತ್ತು. ಫೋಟೊ ಮಡಚಿದ ಗುರುತೆಂದು ಅಳಿಸಿದೆ. ರೇಷ್ಮೆ ಸೀರೆ ಉಡಿಸಿದೆ, ಗಂಡನಿಗೆ ಕೋಟು ತೊಡಿಸಿದೆ, ಇಬ್ಬರಿಗೂ ಹಾರ ಹಾಕಿದೆ. ರೇಣುಕಾ ನೋಡಿ ವಾಯ್ಸ್ ಮೆಸೇಜ್ ಕಳಿಸಿದಳು. "ಭಾಳ ಚಂದ ಅದ ಅಕ್ಕಾರ. ಅವ್ವನ ಮುಖದಾಗ ಏನೋ ಒಂದು ಕಮ್ಮಿ ಅನಸ್ತದ, ಏನಂತ ತಿಳೀವಲ್ದು. ಇರ್ಲಿ ಬಿಡ್ರಿ." ಅವಳ ಒಪ್ಪಿಗೆ ಪಡೆದು, ಅವಳು ಹೇಳಿದ್ದನ್ನೇ ಹೇಳಿ ವಿಡಿಯೊ ಹಾಕಿದೆ: ಮಸರಕಲ್ಲಿನ ಹುಲಿಗೆಮ್ಮ, ರೊಟ್ಟಿ ಬಡಿದರೆ ಮೂರು ಮನೆಗೆ ಕೇಳಿಸುತ್ತಿತ್ತು.

ನಾಲ್ಕನೆಯ ದಿನ, ಮಧ್ಯಾಹ್ನದ ಆ ಸತ್ತ ಹೊತ್ತಿನಲ್ಲಿ, ಪರಿಚಯವಿಲ್ಲದ ನಂಬರಿನಿಂದ ವಾಯ್ಸ್ ಮೆಸೇಜ್ ಬಂತು. ಹೆಸರಿರಲಿಲ್ಲ, ಚಿತ್ರದ ಜಾಗದಲ್ಲಿ ಒಂದು ದಾಸವಾಳ. ಒತ್ತಿದೆ. ಮೊದಲು ಬರೀ ಉಸಿರು. ಹಿಂದೆ ಎಲ್ಲೋ ಪಾತ್ರೆಗಳ ಸಪ್ಪಳ. ಆಮೇಲೆ ಹೆಂಗಸಿನ ದನಿ, ಮೆಲ್ಲಗೆ:

"ಅಕ್ಕಾರ, ನನ್ನ ಅಂವನ ಬಾಜೂಕ ಯಾಕ ಕುಂದ್ರಿಸೀರಿ? ನನ್ನ ಅಲ್ಲಿಂದ ತೆಗೀರಿ."

ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಕೋಣೆಯ ಗೋಡೆ ತುಂಬ ಅಂದು ಗಿರಾಕಿಗಳು ಒಯ್ಯಬೇಕಿದ್ದ ಫೋಟೊಗಳು, ಎಲ್ಲರೂ ಹಾರ ಹಾಕಿಕೊಂಡವರು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಹೊರಗೋಡಿ ಬಂದು ಆ ಬೆಂಕಿ ಬಿಸಿಲಿನಲ್ಲಿ ನಿಂತೆ. ಚಳಿಯಾಗುತ್ತಿತ್ತು.

ಯಾರೋ ಕುಚೋದ್ಯ ಮಾಡುತ್ತಿದ್ದಾರೆ ಎಂದು ಸಂಜೆ ಗಂಡ ಹೇಳಿದರು. ನರಸಮ್ಮ ಮಾತ್ರ ಮೆಸೇಜನ್ನು ಎರಡು ಸಲ ಕೇಳಿ, "ಕುಚೇಷ್ಟಿ ಅಲ್ಲ. ಇದು ಹೆದರಿದ ಹೆಂಗಸಿನ ದನಿ ಅದ" ಎಂದರು. ಮರುದಿನ ಆ ವಿಡಿಯೊ ತೆಗೆದುಹಾಕಿ ಅದೇ ನಂಬರಿಗೆ ಫೋನು ಮಾಡಿದೆ. ಅವಳು ಮಾನ್ವಿಯಲ್ಲಿದ್ದಳು. ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ, ಬರ್ರಿ ಎಂದಳು.

ಮಾನ್ವಿಯ ದಾರಿಯಲ್ಲಿ ಕಾಲುವೆಯ ನೀರು, ಹಸಿರು ಗದ್ದೆ. ಬೇರೆ ದಿನವಾಗಿದ್ದರೆ ನಮ್ಮೂರಿನ ಬಯಲು ನೆನಪಾಗುತ್ತಿತ್ತು. ಅಂದು ನೀರು ಕಂಡಾಗಲೆಲ್ಲ ದಂಡೆಯ ಮೇಲೆ ಚಪ್ಪಲಿಗಳನ್ನೇ ಹುಡುಕುತ್ತಿದ್ದೆ.

ಖಾನಾವಳಿಯ ಹಿಂಬದಿಯ ಬಾಗಿಲಲ್ಲಿ ಅವಳು ನಿಂತಿದ್ದಳು. ನಾನು ತಿದ್ದಿದ ಮುಖ, ಹನ್ನೆರಡು ವರ್ಷ ಹಳೆಯದಾಗಿ, ಬೆವರಿಕೊಂಡು; ಕೆಳಗೆ ಹಿಟ್ಟು ಮೆತ್ತಿದ ಕೈಗಳು. ಕೆನ್ನೆಯ ಎಲುಬು, ತುಟಿಯ ಅಂಚು, ಎಲ್ಲವೂ ನನಗೆ ಬಾಯಿಪಾಠ. ಬಲ ಹುಬ್ಬಿನ ಮೇಲೆ ಗೀರು ಇತ್ತು. ಅದು ಫೋಟೊದ ಮಡಿಕೆಯಾಗಿರಲಿಲ್ಲ.

ನಾನು ಅದನ್ನೇ ನೋಡುವುದನ್ನು ಕಂಡು ಹೇಳಿದಳು: "ಅಂವ ಹೊಡದದ್ದು. ಒಲಿ ಊದೋ ಕೊಳವಿಲೆ."

ಉಳಿದದ್ದನ್ನು ಕೆಲಸ ಮಾಡುತ್ತಲೇ ಹೇಳಿದಳು. ಅಂದು ಸಾಯಲೆಂದೇ ಕಾಲುವೆಗೆ ಹೋಗಿದ್ದಳು. ಚಪ್ಪಲಿ ಬಿಟ್ಟು ನಿಂತಿದ್ದಾಗ ಭತ್ತ ನಾಟಿಗೆ ಹೊರಟ ಹೆಂಗಸರ ಟ್ರ್ಯಾಕ್ಟರ್ ಬಂತು. ಬರ್ತೀಯೇನವ್ವಾ ಎಂದು ಯಾರೋ ಕೈ ಚಾಚಿದರು. ಹತ್ತಿದಳು. ಮಾನ್ವಿ ಕಡೆಯ ಒಂದು 'ಕ್ಯಾಂಪಿ'ನಲ್ಲಿ, ಅಂದರೆ ಹಿಂದೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರಿನಲ್ಲಿ, ಕೆಲವು ವರ್ಷ ಗದ್ದೆ ಕೆಲಸ ಮಾಡಿ, ತೆಲುಗು ಕಲಿತು, ಲಕ್ಷ್ಮಿ ಎಂದು ಹೆಸರಿಟ್ಟುಕೊಂಡಳು. ಮಗಳನ್ನು ಕರೆದುಕೊಂಡು ಬರಲು ಎರಡು ಸಲ ದೇವದುರ್ಗದ ತನಕ ಹೋಗಿ, ಅವನ ಭಯಕ್ಕೆ ಹಿಂತಿರುಗಿದ್ದಳು. ಮೊನ್ನೆ ಊಟಕ್ಕೆ ಕೂತವನೊಬ್ಬನ ಮೊಬೈಲಿನಿಂದ ತನ್ನ ಹೆಸರು, ತನ್ನ ಊರು ಕೇಳಿಸಿತು. ಬಗ್ಗಿ ನೋಡಿದರೆ ಹಾರ ಹಾಕಿಕೊಂಡು ತಾನೇ ಕೂತಿದ್ದಳು, ಗಂಡನ ಪಕ್ಕದಲ್ಲಿ. ವಿಡಿಯೊದಲ್ಲಿದ್ದ ನನ್ನ ನಂಬರನ್ನು ಆ ಗಿರಾಕಿಯಿಂದಲೇ ಇಸಿದುಕೊಂಡಳು.

"ಅಂವ ಖರೇನ ಹೋದನ್ರೀ?"

"ಹೌದು" ಎಂದೆ.

ಅವಳು ಒಂದು ರೊಟ್ಟಿ ಬಡಿದು ಮುಗಿಸಿದಳು. "ಅಕಿಗೆ ನಾ ಸತ್ತಂಗ ಇರ್ಲಿ. ಬರೀ ಫೋಟೊದಾಗಿಂದ ನನ್ನ ತೆಗದ್ಬಿಡ್ರಿ."

ಮಗಳನ್ನು ಕೇಳದೆ ಅದನ್ನು ಮಾಡಲಾರೆ ಎಂದೆ. ಮೊಬೈಲ್ ತೆಗೆದು, ರೇಣುಕಾ ನನಗೆ ಕಳಿಸಿದ್ದ ವಾಯ್ಸ್ ಮೆಸೇಜನ್ನು ಕೇಳಿಸಿದೆ. "ನಮ್ಮವ್ವ ರೊಟ್ಟಿ ಬಡದ್ರ ಮೂರು ಮನಿಗೆ ಕೇಳ್ತಿತ್ರೀ. ಈಗೂ ಎಲ್ಲ್ಯಾದ್ರೂ ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ನಾ ನಿಂತ್ಬಿಡ್ತೀನಿ."

ಒಲೆಯ ಮೇಲೆ ರೊಟ್ಟಿ ಸುಟ್ಟು ಕರಿಯಾಗುತ್ತಿತ್ತು. ಅವಳು ತಿರುವಲಿಲ್ಲ.

"ಇನ್ನೊಮ್ಮಿ ಹಚ್ರಿ" ಎಂದಳು. ಮೂರು ಸಲ ಕೇಳಿದಳು. ಹೊರಡುವಾಗ ನನ್ನ ಸೆರಗು ಹಿಡಿದು, "ಹೇಳ್ರಿ ಅಕಿಗೆ" ಎಂದಳು.

ಇಷ್ಟು ದಿನ ಎಲ್ಲ ಸಂಬಂಧಗಳನ್ನೂ ಮೊಬೈಲಿನಲ್ಲೇ ಬೆಳೆಸಿದ್ದೆ. ಈ ಮಾತನ್ನು ಅದರಲ್ಲಿ ಹೇಳುವ ಧೈರ್ಯ ಬರಲಿಲ್ಲ. ದೇವದುರ್ಗಕ್ಕೆ ಹೋದೆ. ರೇಣುಕಾಳ ಕೋಣೆಯಲ್ಲಿ ಜೋಡಿ ಫೋಟೊಕ್ಕೆ ಹಸಿ ಮಲ್ಲಿಗೆ ಹಾರ ಬಿದ್ದಿತ್ತು, ಊದಿನಕಡ್ಡಿಯ ಹೊಗೆ ಆ ಮುಖದ ಮುಂದೆ ಸುಳಿಯುತ್ತಿತ್ತು. ಅದೇ ಮುಖದವಳು ಹಿಂದಿನ ದಿನ ನನ್ನ ಸೆರಗು ಹಿಡಿದಿದ್ದಳು. ಫೋಟೊಕ್ಕೆ ಬೆನ್ನು ಮಾಡಿ ಕೂತು ಎಲ್ಲ ಹೇಳಿದೆ.

ಅವಳು ಅಳಲಿಲ್ಲ. "ಅಕಿ ಹುಬ್ಬಿನ ಮ್ಯಾಲೆ ಗೆರಿ ಅದನ್ರೀ?"

"ಅದ" ಎಂದೆ. "ನಾನು ಅಳಿಸಿದ್ದೆ."

"ಅದಾ ಕಮ್ಮಿ ಇತ್ತು." ಎದ್ದು ಊದಿನಕಡ್ಡಿ ಆರಿಸಿ ಹೇಳಿದಳು: "ವರ್ಷಾ ವರ್ಷಾ ಅಕಿಗೆ ಎಡಿ ಇಟ್ಟೀನ್ರೀ. ಕಾಗಿ ಮುಟ್ಲಿಲ್ಲ ಅಂದ್ರ ಅವ್ವಗ ಸಿಟ್ಟು ಬಂದದಂತ ಅತ್ತೀನಿ. ಅಕಿ ಅಲ್ಲಿ ಕುಂತು ಮಂದಿಗೆ ರೊಟ್ಟಿ ಮಾಡಾಕತ್ತಿದ್ಲು. ನೀವು ಹೋಗ್ರಿ ಅಕ್ಕಾರ. ನನಗ ಮೆಸೇಜ್ ಮಾಡಬ್ಯಾಡ್ರಿ."

ಮಾಡಲಿಲ್ಲ. ಮೂರು ವಾರ ಅವಳ ಕಡೆಯಿಂದಲೂ ಏನೂ ಬರಲಿಲ್ಲ. ಮಾನ್ವಿಯಿಂದ ಮಾತ್ರ ದಿನಾ ಮಧ್ಯಾಹ್ನ ಒಂದು ವಾಯ್ಸ್ ಮೆಸೇಜ್ ಬರುತ್ತಿತ್ತು. ಮಾತಿಲ್ಲ, ಬರೀ ಉಸಿರು. ಮಗಳು ಏನಂದಳೆಂದು ಕೇಳುವ ಧೈರ್ಯವಿಲ್ಲದೆ ಕಳಿಸಿದ್ದು. 'ಇನ್ನೂ ಇಲ್ಲ' ಎಂದು ನಾನು ದನಿಯಲ್ಲೇ ಉತ್ತರಿಸುತ್ತಿದ್ದೆ. ಮಗಳ ಪಾಲಿಗೆ ನೆಮ್ಮದಿಯಾಗಿ ಸತ್ತಿದ್ದವಳನ್ನು ನಾನು ಎಬ್ಬಿಸಿಬಿಟ್ಟೆ ಅನ್ನಿಸಿ, ಆ ದಿನಗಳಲ್ಲಿ ಹೊಸ ಫೋಟೊ ಒಂದನ್ನೂ ತೆಗೆದುಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ರೇಣುಕಾ, ಕಂಕುಳಲ್ಲಿ ಟವೆಲ್ ಸುತ್ತಿದ ಫೋಟೊ. "ಅಪ್ಪನ್ನ ಒಬ್ಬನ್ನ ಬ್ಯಾರೆ ಮಾಡ್ರಿ" ಎಂದಳು. "ಹೊಡದ್ರೂ ಅಂವ ಅಪ್ಪನ ಅಲ್ಲೇನ್ರೀ? ಅವ್ವನ್ನ ತೆಗೀರಿ. ಆಮ್ಯಾಲೆ ನನ್ನ ಮಾನ್ವಿಗೆ ಕರಕೊಂಡು ಹೋಗ್ರಿ."

ಖಾನಾವಳಿಯಲ್ಲಿ ರೇಣುಕಾ ಗಿರಾಕಿಯ ಹಾಗೆ ಮೂಲೆಯ ಬೆಂಚಿನಲ್ಲಿ ಕೂತಳು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು. ಹುಡುಗಿಯ ಕೈ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ಸಪ್ಪಳ ನಿಂತಿತು. ಹುಲಿಗೆಮ್ಮ ತಾನೇ ತಟ್ಟೆ ತಂದಿಟ್ಟಳು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ರೇಣುಕಾ ಎರಡು ರೊಟ್ಟಿ ತಿಂದಳು, ಪಲ್ಯವನ್ನು ಮುಟ್ಟಲಿಲ್ಲ.

"ಇನ್ನೊಂದು ಹಾಕ್ಲಾ?" ಎಂದಳು ತಾಯಿ.

"ಹಾಕು" ಎಂದಳು ಮಗಳು. ಆಗ ಅತ್ತಳು.

ದೇವದುರ್ಗಕ್ಕೆ ಬಂದು ಜೊತೆಗಿರು ಎಂದು ಅವಳು ಕರೆದದ್ದು ಮುಂದೆ ಎರಡು ತಿಂಗಳಾದ ಮೇಲೆ. ಹುಲಿಗೆಮ್ಮ ಒಪ್ಪಲಿಲ್ಲ. "ಅಲ್ಲಿ ನನ್ನ ತಿಥಿ ಮಾಡ್ಯಾರ. ಇಲ್ಲಿ ನಾಳಿಗೆ ಹಿಟ್ಟು ಬೀಸಿ ಇಟ್ಟೀನಿ. ಹ್ಯಾಂಗ ಬರ್ಲವ್ವಾ?" ಈಗ ತಿಂಗಳಿಗೊಮ್ಮೆ ಮಗಳೇ ಮಾನ್ವಿಗೆ ಹೋಗುತ್ತಾಳೆ. ಅಲ್ಲಿಯವರ ಪಾಲಿಗೆ ಆಕೆ ಲಕ್ಷ್ಮಿಯ ಅಕ್ಕನ ಮಗಳು.

ಕಳೆದ ವಾರ ನನ್ನ ಗಂಡನಿಗೆ ನಮ್ಮ ಕಡಲ ಬದಿಯಲ್ಲೇ ಕೆಲಸ ಸಿಗುವ ಸುದ್ದಿ ಬಂತು. ಇಂಥ ಸುದ್ದಿಗೆ ನಾಲ್ಕು ವರ್ಷ ಕಾದವಳು ನಾನು. ಕೇಳಿದ ಕೂಡಲೇ, "ಈಗಲೇ ಹೂಂ ಅನ್ನಬೇಡಿ" ಎಂದುಬಿಟ್ಟೆ.  ಊರಿನಿಂದ ಅಮ್ಮ ಫೋನು ಮಾಡಿ, "ಎಂತ ಮಾರಾಯ್ತಿ, ಇನ್ನಾದರೂ ಬರ್ತೀಯಾ?" ಎಂದು ಕೇಳಿದಳು. "ಬರ್ತೇನೆ ಅಮ್ಮ" ಎಂದೆ. ಸ್ವಲ್ಪ ಹೊತ್ತಿಗೆ ನರಸಮ್ಮ ಒಳಬಂದು, ಊರಿಗೆ ಹೋದರೆ ತಿರುಗಿ ಬರುತ್ತೀರೋ ಇಲ್ಲವೋ ಎಂದರು.

"ಬರ್ತೀನ್ರೀ" ಎಂದೆ ಅವರಿಗೂ. ಎರಡೂ ಮಾತು ಸುಳ್ಳಾಗಿರಲಿಲ್ಲ.