ಸೋಸಿದ ನೀರಿನಲ್ಲಿ ಸಿಗದ ಆಮೆ

ಬಾವಿ ಸತ್ತಿದೆ ಎಂದು ತೀರ್ಮಾನಿಸಲು ನಮ್ಮಲ್ಲಿ ಯಾರೂ ನೀರಿಗೆ ಇಳಿಯುವುದಿಲ್ಲ. ಮೇಲೆ ನಾಲ್ಕು ಪ್ಲಾಸ್ಟಿಕ್ ಚೀಲ ತೇಲಿದರೆ ಸಾಕು, ಮಣ್ಣಿನ ಟ್ರ್ಯಾಕ್ಟರು ಹೊರಡುತ್ತದೆ. ಆ ಚೀಲ ಎಸೆದವರು ಯಾರು ಎಂದು ಮಾತ್ರ ಕೇಳಬೇಡಿ.

ಲಕ್ಷ್ಮೇಶ್ವರದ ಒಂದು ಓಣಿಯ ಬಾವಿಗೂ ಹೋದ ಬೇಸಿಗೆಯಲ್ಲಿ ಇದೇ ಗತಿ ಬಂದಿತ್ತು. ಅದನ್ನು ಮುಚ್ಚಿ ಅಂಗಡಿ ಸಾಲು ಕಟ್ಟುವ ಗುತ್ತಿಗೆ ಹಿಡಿದವನು ಅದೇ ಓಣಿಯ ಹೇಮಪ್ಪ. ಅಡ್ಡ ನಿಂತವಳು ಬಾವಿಯ ಪಕ್ಕದ ಮನೆಯ ಅಖ್ತರಿ ಒಬ್ಬಳೇ.

ಅಖ್ತರಿ ಪಿಂಜಾರರ ಮನೆಯ ಹೆಣ್ಣುಮಗಳು. ಗಂಡ ಬುಡ್ಡೇಸಾಬ ಅರಳೆ ಹಿಂಜಿದರೆ ಇವಳು ಗಾದಿ ತುಂಬಿ ಹೊಲಿಯುತ್ತಿದ್ದಳು. ಶಿರಹಟ್ಟಿ, ಮುಳಗುಂದದ ಎಷ್ಟೋ ಮದುವೆಯ ಗಾದಿಗಳು ಅವಳ ಕೈಯವು. ಫೋಮಿನ ಹಾಸಿಗೆ ಬಂದು ಕೆಲಸ ಇಳಿಯಿತು, ಆಮೇಲೆ ಗಂಡನೂ ಹೋದ. ಹಳೆಯ ಗಾದಿ ಬಿಚ್ಚಿ ಮತ್ತೆ ತುಂಬುವ ಕೆಲಸವಷ್ಟೇ ಉಳಿಯಿತು. ಅವಳ ಸೀರೆಗೆ, ಹುಬ್ಬಿಗೆ ಯಾವಾಗಲೂ ಅರಳೆಯ ಎಳೆ ಅಂಟಿರುತ್ತದೆ.

ಮದುವೆಯಾದ ವರ್ಷ ಬುಡ್ಡೇಸಾಬ ಮುಂಡರಗಿ ಕಡೆಯ ಹೊಳೆಯಿಂದ ಒಂದು ಆಮೆಮರಿಯನ್ನು ಹಸಿ ಗೋಣಿಚೀಲದಲ್ಲಿ ತಂದು ಆ ಬಾವಿಗೆ ಬಿಟ್ಟಿದ್ದ. ಆಮೆ ಇದ್ದ ಬಾವಿಯ ನೀರು ಕೆಡುವುದಿಲ್ಲ ಎಂಬುದು ಹಿರಿಯರ ನಂಬಿಕೆ. ನಳ ಬಂದ ಮೇಲೆ ಓಣಿ ಬಾವಿಯನ್ನು ಮರೆಯಿತು. ಆಮೆಯನ್ನು ಯಾರೂ ಕಂಡು ವರ್ಷಗಳೇ ಆಗಿದ್ದವು. ಆದರೂ ಒಳಗೊಂದು ಜೀವ ಇದೆ, ಮಣ್ಣು ಹಾಕಬೇಡಿ ಎಂದು ಅಖ್ತರಿ ಕಂಡಕಂಡವರಿಗೆ ಹೇಳಿದಳು. ಹೇಳಿದಲ್ಲೆಲ್ಲ ಫೋಟೋ ತೋರಿಸು ಎಂದರು. ಹಸಿರುಗಟ್ಟಿದ ನೀರಿನ ತಳದ ಆಮೆಯ ಫೋಟೋ! ಬಡವಿಯ ಬಾಯಿಂದ ಬಂದದ್ದು ಸಾಕ್ಷಿ ಸಿಗುವ ತನಕ ಸುಳ್ಳು. ದುಡ್ಡಿದ್ದವನ ಮಾತಿಗೆ ಸಾಕ್ಷಿಯನ್ನೇ ಯಾರೂ ಕೇಳುವುದಿಲ್ಲ.

ಅಂಥ ಹೊತ್ತಿನಲ್ಲಿ ಭುವನೇಶ್ವರಿ ಬಂದಳು. ಬೆಟಗೇರಿಯ ನೇಕಾರರ ಮಗಳು. ಜಿಲ್ಲೆಯ ಕೆರೆಬಾವಿಗಳಲ್ಲಿ ಏನೇನು ಜೀವಗಳಿವೆ ಎಂದು ಹುಡುಕುತ್ತ ತಿರುಗುವ ಸಂಶೋಧಕಿ. ಅವಳ ಹತ್ತಿರ ಬಲೆ ಇರಲಿಲ್ಲ, ದುರ್ಬೀನು ಇರಲಿಲ್ಲ. ಬಾಟಲಿ ನೀರು ಸಾಕು ಎಂದಳು. ನೀರಿನಲ್ಲಿರುವ ಪ್ರತಿ ಜೀವವೂ ಚರ್ಮದ ಪುಡಿ, ಲೋಳೆ, ಹಿಕ್ಕೆ ಬಿಡುತ್ತಲೇ ಇರುತ್ತದಂತೆ. ಆ ಚೂರುಗಳಲ್ಲಿ ಅದರ ಕುಲದ ಗುರುತು, ಡಿಎನ್‌ಎ ಇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತೂತಿನ ಹಾಳೆಯಲ್ಲಿ ಅದನ್ನು ಹಿಡಿದು ಪ್ರಯೋಗಾಲಯದಲ್ಲಿ ಓದಿದರೆ ನೀರೊಳಗೆ ಯಾರಿದ್ದಾರೆಂದು ತಿಳಿಯುತ್ತದೆ. ಓಣಿಯ ಜನ ಬಾಯಿ ತೆರೆದು ಕೇಳಿದರು. ಅಖ್ತರಿಗೆ ಮಾತ್ರ ಅದರಲ್ಲಿ ಹೊಸದೇನೂ ಕಾಣಲಿಲ್ಲ.

"ನಾ ಯಾರ ಮನ್ಯಾಗ ಕುಂತು ಎದ್ರೂ ಅಲ್ಲಿ ಅರಳಿ ಉದುರಿರತೈತಿ ತಂಗಿ. ಪಿಂಜಾರಾಕಿ ಬಂದಿದ್ಲು ಅಂತ ಸಣ್ಣ ಹುಡುಗ್ರೂ ಹೇಳತಾವ. ಇದೂ ಹಂಗ ಅಲ್ಲ?"

ಬಾವಿಯ ಮೆಟ್ಟಿಲು ಕುಸಿದಿದ್ದವು. ಭುವನೇಶ್ವರಿ ಗಾಡಿಯಲ್ಲಿ ಸಾಮಾನು ಜೋಡಿಸುವಷ್ಟರಲ್ಲಿ ಅಖ್ತರಿಯೇ ನೀರು ಸೇದಿ, ಬಾಟಲಿ ತುಂಬಿ ಕೊಟ್ಟಳು.

ಕೆಲವು ವಾರಗಳ ಮೇಲೆ ಫಲಿತಾಂಶ ಬಂತು. ಮನುಷ್ಯ, ಕೋಳಿ, ಆಡು. ಆಮೆ ಇಲ್ಲ. ಹೇಮಪ್ಪನಿಗೆ ಹಬ್ಬವಾಯಿತು.

"ಅಖ್ತರವ್ವ, ನಿಮ್ಮ ಬಾವ್ಯಾಗ ಆಡು ಈಸಾಕತ್ತಾವಂತಲ್ಲಬೇ. ಬಕ್ರೀದಕ್ಕ ಒಂದು ಹಿಡದು ಕೊಡ್ರಿ."

ಟ್ರ್ಯಾಕ್ಟರು ಬಂದು ಬಾವಿಯ ಕಟ್ಟೆಗೆ ಒರಗಿಸಿ ಮಣ್ಣು ಸುರಿಯಿತು.  ಅಖ್ತರಿ ಕಟ್ಟೆಯ ಮೇಲೆ ಒಂದು ಗಾದಿ ಹರವಿ ದಿನವೂ ಹೊಲಿಯುತ್ತ ಕುಳಿತಳು. ಅವಳನ್ನು ಎಬ್ಬಿಸದೆ ಮಣ್ಣು ತಳ್ಳುವಂತಿರಲಿಲ್ಲ. ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಅತ್ತ ಭುವನೇಶ್ವರಿಗೆ ಒಂದು ಸಂಶಯ ಹತ್ತಿತ್ತು. ಒಂದು ಕಪ್ಪೆಯ ಗುರುತೂ ಇಲ್ಲದ ಬಾವಿ ಎಲ್ಲಿಯದು? ಮತ್ತೆ ಬಂದಳು. ಅವತ್ತು ಬಾಟಲಿಗೆ ನೀರು ಹೇಗೆ ತುಂಬಿದಿರಿ ಎಂದು ಅಖ್ತರಿಯನ್ನು ಕೇಳಿದಳು.

"ಹೆಂಗಂದ್ರ? ಸೋಸಿ ತುಂಬಿದೆ. ಮನಿಗೆ ಬಂದವ್ರಿಗೆ ಸೋಸಲಾರದ ನೀರು ಕೊಡತಾರೇನು ತಂಗಿ?"

ಅಡುಗೆಮನೆಯ ಅರಿವೆಯನ್ನು ನಾಲ್ಕು ಪದರು ಮಡಚಿ ಸೋಸಿದ್ದಳು. ಬಾವಿಯ ಗುರುತುಗಳು ಅರಿವೆಯಲ್ಲಿ ಉಳಿದವು; ಅರಿವೆಗೆ ಅಂಟಿದ್ದ ಅಡುಗೆಮನೆಯ ಕೋಳಿ, ಆಡಿನ ಮಾಂಸದ ಗುರುತುಗಳು ಬಾಟಲಿಗೆ ಇಳಿದವು. ಭುವನೇಶ್ವರಿ ತಲೆ ಮೇಲೆ ಕೈ ಇಟ್ಟುಕೊಂಡು ನಕ್ಕಳು. ತನ್ನ ತಾಯಿಯಾದರೂ ಹೀಗೇ ಮಾಡುತ್ತಿದ್ದಳು, ಮೊದಲೇ ಹೇಳದಿದ್ದದ್ದು ತನ್ನದೇ ತಪ್ಪು ಎಂದಳು. ಈ ಸಲ ಕೈಗವಸು ಹಾಕಿಕೊಂಡು, ಭಾರ ಕಟ್ಟಿದ ಶುದ್ಧ ಬಾಟಲಿಗಳನ್ನು ತಾನೇ ಇಳಿಸಿದಳು.

ಎರಡನೆಯ ಫಲಿತಾಂಶವನ್ನು ಅವಳು ಓದಿದ್ದು ಅದೇ ಕಟ್ಟೆಯ ಮೇಲೆ, ಅಖ್ತರಿಯ ಗಾದಿಯ ಅಂಚಿನಲ್ಲಿ ಕುಳಿತು. ಕಪ್ಪೆಗಳಿದ್ದವು. ಎರಡು ಜಾತಿಯ ಮೀನಿದ್ದವು. ಸಂಜೆ ಹಾರುತ್ತಲೇ ನೀರು ಮುಟ್ಟಿ ಹೋಗುವ ಬಾವಲಿ, ಗೋಡೆಯ ಪೊಟರೆಯ ಪಾರಿವಾಳ, ಆಮೇಲೆ ಆಮೆ. ನಾವೆಲ್ಲ ಸತ್ತಿತೆಂದು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ನೀರಿನಲ್ಲಿ ಒಂದು ಇಡೀ ಓಣಿ ವಾಸವಾಗಿತ್ತು. ಕೆಲವು ಬಾಟಲಿ ನೀರು ಅವರನ್ನೆಲ್ಲ ಹೆಸರು ಹಿಡಿದು ಕರೆದಿತ್ತು. 

"ನಮ್ಮ ಮನ್ಯಾವ್ರೂ ಇದರಾಗ ಈಸ್ತಿದ್ರು," ಅಂದಳು ಅಖ್ತರಿ. "ಅವರ ಗುರ್ತೂ ಇರಬೇಕಲ್ಲ?"

ಭುವನೇಶ್ವರಿ ಮೆಲ್ಲಗೆ ಹೇಳಿದಳು: "ಇಲ್ಲರಿ ಅಮ್ಮಾ. ನೀರಾಗಿನ ಗುರ್ತು ಭಾಳ ದಿನ ಉಳಿಯಂಗಿಲ್ಲ, ಕರಗಿ ಹೋಗತೈತಿ. ಈಗ ಇದ್ದವ್ರದಷ್ಟ ಸಿಗತೈತಿ."

ಅಖ್ತರಿ ಸೂಜಿಯನ್ನು ಗಾದಿಗೆ ಚುಚ್ಚಿ ತಲೆ ಎತ್ತಿದಳು.

"ಹಂಗಾರ ಅದು ಜೀವಂತ ಐತಿ."

ಆಮೆಯನ್ನು ಹೂಳಿದರೆ ಜೈಲು ಎಂಬ ಕಾನೂನು ಯಾರೋ ಹೇಮಪ್ಪನಿಗೆ ತಿಳಿಸಿದರು. ಅವನು ಓಡಿ ಬಂದ.

"ಇದನ್ನ ಮದಲ ಹೇಳಬಾರದೇನಬೇ?"

ಊರೆಲ್ಲ ಕೇಳುವಂತೆ ಹೇಳಿದ್ದಳು. ಕಿವಿ ಇದ್ದವರು ಬೇಕಲ್ಲ!  ಟ್ರ್ಯಾಕ್ಟರು ಮಣ್ಣು ತುಂಬಿಕೊಂಡು ಹೋಗಲು ದಾರಿಯಾಗಲೆಂದು ಅಖ್ತರಿ ಗಾದಿ ಕೊಡವಿ, ಸುತ್ತಿ ಪಕ್ಕಕ್ಕಿಟ್ಟಳು. ಹೇಮಪ್ಪ ಕಟ್ಟೆ ಹಿಡಿದು ಬಗ್ಗಿ ನೋಡಿದ. ಹಸಿರು ನೀರು ಬಿಟ್ಟರೆ ಏನೂ ಕಾಣಲಿಲ್ಲ.

"ಎಲ್ಲೈತಿ?"

"ಐತಿ," ಅಂದಳು ಅಖ್ತರಿ.

ಟ್ರ್ಯಾಕ್ಟರಿನವನು ಹಾರ್ನು ಹೊಡೆದರೂ ಹೇಮಪ್ಪ ಬಗ್ಗಿದವನು ಏಳಲಿಲ್ಲ. ಗಾದಿ ಕೊಡವಿದಾಗ ಹಾರಿದ ಅರಳೆಯ ಎಳೆಯೊಂದು ಅವನ ಹೆಗಲು ದಾಟಿ, ತಿರುತಿರುಗಿ ಇಳಿದು, ನೀರಿನ ಮೇಲೆ ಕುಳಿತಿತು.