ಈಜುಕೊಳದ ಸಾಲ ತೀರಿದ ಮೇಲೆ

ನೆಬ್ರಾಸ್ಕಾದ ಬ್ರೂನೋವಾ ಊರಿನಲ್ಲಿ ಲಿಬ್ಬಿ ಕುಚೇರಾಳ ಬಾಯಿಗೆ ಹೆದರದವರಿಲ್ಲ, ಅವಳ ಗಸಗಸೆ ಕೊಲಾಚ್ ಬನ್ನು ಕಂಡರೆ ಬಾಯಲ್ಲಿ ನೀರೂರದವರೂ ಇಲ್ಲ. ಪುರಸಭೆಯ ಲೆಕ್ಕವೆಲ್ಲ ಅವಳ ಕೈಯಲ್ಲಿ. ಈಜುಕೊಳ ಕಟ್ಟಲು ಬಾಂಡ್ ಮಾರಿ ಸಾಲ ಎತ್ತಿ, ಅದನ್ನು ತೀರಿಸಲು ಊರಿಗೊಂದು ತೆರಿಗೆ ಹಾಕುವಾಗ ಸಭೆಯಲ್ಲಿ ಎದ್ದು ನಿಂತು, "ಸಾಲ ತೀರಿದ ಕೂಡ್ಲೇ ಈ ತೆರಿಗೆ ತೆಗೀತೀವಿ, ಇದು ನನ್ನ ಮಾತು" ಎಂದು ಊರವರನ್ನು ಒಪ್ಪಿಸಿದವಳೂ ಅವಳೇ. ಒಪ್ಪದವನು ಪಕ್ಕದ ಮನೆಯ ಮುದುಕ ಎಮಿಲ್ ಝಾಬ್ಕಾ ಒಬ್ಬ. "ಬಂದ ತೆರಿಗೆ ವಾಪಸ್ ಹೋಗಿದ್ದನ್ನ ನಾನಂತೂ ನೋಡಿಲ್ಲ" ಎಂದು ಅಂದಿನಿಂದ ಬೇಲಿಯಾಚೆ ಗೊಣಗುತ್ತಲೇ ಇದ್ದ.

ಆ ತೆರಿಗೆಯ ದುಡ್ಡಿಗೆ ಲಿಬ್ಬಿ ಬೇರೆಯೇ ನಿಧಿ ಇಟ್ಟಿದ್ದಳು. ವಾಯಿದೆಗೆ ಸರಿಯಾಗಿ ಅಸಲು, ಬಡ್ಡಿ ಅಲ್ಲಿಂದ ಹೋಗಬೇಕು, ಅಷ್ಟೇ. ಹಿಮ ಬಾಚುವ ಗಾಡಿ ಕೆಟ್ಟು ಕೂತಾಗಲೂ ಅದರಿಂದ ಬಿಡಿಗಾಸು ಕದಲಲಿಲ್ಲ. ಈ ಬೇಸಿಗೆಯಲ್ಲಿ ಕೊನೆಯ ಕಂತು ಸಂದಾಯವಾದಾಗ ಲಿಬ್ಬಿ ಆಫೀಸಿನಲ್ಲಿ ಒಬ್ಬಳೇ ಪೋಲ್ಕಾ ಕುಣಿದಳು.

ಮರುದಿನವೇ ಮೇಯರ್ ಡ್ವೇನ್ ಬಂದ. ಟ್ರ್ಯಾಕ್ಟರ್ ಮಾರುವವನು, ನಗುನಗುತ್ತಲೇ ಟೋಪಿ ಹಾಕಬಲ್ಲವನು.

"ಲಿಬ್ಬಿ, ಆ ತೆರಿಗೆ ಹಾಗೇ ಇರ್ಲಿ ಬಿಡಿ. ಜನಕ್ಕೆ ರೂಢಿಯಾಗಿದೆ. ಕೊಳಕ್ಕೊಂದು ಜಾರುಬಂಡೆ ಹಾಕ್ಸೋಣ."

"ಸಾಲಾನೇ ಇಲ್ಲ ಅಂದ್ಮೇಲೆ ಸಾಲದ ತೆರಿಗೆ ಎಲ್ಲಿಂದ ಬಂತು?"

"ಯಾರಿಗೂ ಗೊತ್ತಾಗಲ್ಲ ರೀ!"

"ನಂಗೆ ಗೊತ್ತಲ್ಲ. ಎಮಿಲ್‌ಗೂ ಗೊತ್ತಾಗತ್ತೆ."

ಬಜೆಟ್ ಸಭೆಗೆ ಹೋಗುವಾಗ ಮಾತ್ರ ಅವಳಿಗೂ ಅಳುಕಿತ್ತು. ಊರಿನ ತಾಯಂದಿರೆಲ್ಲ ಜಾರುಬಂಡೆಯ ಕಡೆ. ಇಷ್ಟು ವರ್ಷ ಕಾದುಕೊಂಡು ಬಂದ ಮಾತು ಇವತ್ತು ಮಣ್ಣುಪಾಲಾದರೆ ಊರಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ತನ್ನ ಸರದಿ ಬಂದಾಗ ಎದ್ದು ನಿಂತಳು.

"ತೆರಿಗೆ ಇಟ್ಕೊಳ್ಳೋದಾದ್ರೆ ಇಟ್ಕೊಳ್ಳಿ. ನಾಳೆ ಅಗ್ನಿಶಾಮಕ ಗಾಡಿಗೆ ಸಾಲ ಬೇಕಾಗತ್ತಲ್ಲ, ಆಗ ಜನದ ಮುಂದೆ ಮಾತು ಕೊಡೋಕೆ ಬೇರೆಯವರನ್ನ ಹುಡುಕ್ಕೊಳ್ಳಿ!"

ಡ್ವೇನ್ ತಲೆ ಕೆರೆದುಕೊಂಡ. "ಆಯ್ತು ತಾಯಿ, ತೆಗೀರಿ" ಎಂದ. ಸದಸ್ಯರೆಲ್ಲ ಕೈ ಎತ್ತಿದರು. ತೆರಿಗೆ ಹೋಯಿತು.

ಆಗ ಹಿಂದಿನ ಸಾಲಿನಿಂದ ಎಮಿಲ್ ಎದ್ದ. "ಆ ಜಾರುಬಂಡೆಗೆ ಎಷ್ಟಾಗತ್ತೆ?"

"ಯಾಕೆ ಎಮಿಲ್, ಅದಕ್ಕೂ ಬೈಯೋಕಾ?" ಎಂದ ಡ್ವೇನ್. ಸಭೆ ಗೊಳ್ಳೆಂದಿತು.

ಎಮಿಲ್ ನಗಲಿಲ್ಲ. "ಹೊಸದಾಗಿ ಬಾಂಡ್ ಮಾಡಿ, ನಮ್ಮನ್ನ ಕೇಳಿ. ಲಿಬ್ಬಿ ಮಾತು ಕೊಡ್ತಾಳೆ ಅಂದ್ರೆ ಮೊದಲನೇ ವೋಟು ನಂದು."