ಬಿರುಕು ಕಾಯುವವನು
ನೇಪಲ್ಸ್‌ನ ಸಾನಿತಾ ಕೇರಿಯಲ್ಲಿರುವ ನಮ್ಮ ಮುನ್ನೂರು ವರ್ಷದ ವಠಾರಕ್ಕೆ ಮುದುಕ ಎರ್ಮೀನಿಯೊ ಬಾಗಿಲು ಕಾಯುವವನು. ನಿಜಕ್ಕೂ ಅವನು ಕಾಯುವುದು ಮೆಟ್ಟಿಲ ಬಳಿಯ ಬಿರುಕನ್ನು. ನೆಲ ಅದುರುವ ಊರಿದು. ಗೋಡೆ ಸರಿದರೆ ಒಡೆದು ತಿಳಿಸಲೆಂದು ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿರುತ್ತಾರೆ. ಕಾಫಿ ಬಟ್ಟಲು ಕಿಣಿ ಎಂದರೆ ಸಾಕು, ಎರ್ಮೀನಿಯೊ ಬಾಯಲ್ಲಿದ್ದ ಕರಿದ ಪಿಜ್ಜಾ ನುಂಗದೆಯೇ ಅಲ್ಲಿಗೆ ಓಡುತ್ತಾನೆ. ಮೇಲಿನ ಮನೆಯ ಇಮ್ಮಾ ಬಾಗಿಲನ್ನು ದಡಾರನೆ ಹಾಕಿದರೆ, "ಮೆಲ್ಲಗೆ ಕಣಮ್ಮಾ ಇಮ್ಮಾ, ಗಂಡನ ಮೇಲಿನ ಸಿಟ್ಟು ಗೋಡೆ ಮೇಲ್ಯಾಕೆ?" ಎಂದು ಕೂಗುತ್ತಾನೆ. ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಂತು, "ಗಾಜು ಗಟ್ಟಿಯಾಗಿದೆ, ಅಡುಗೆ ಮಾಡ್ಕೊಳ್ರಿ!" ಎಂದು ಅವನು ಸಾರಿದ ಮೇಲೆಯೇ ನಾವು ಒಲೆ ಹಚ್ಚುವುದು. ಸಂತನ ಮೆರವಣಿಗೆಯ ದಿನ, ಮರೆತ ಶಾಲಿಗೆಂದು ನಾನೊಬ್ಬಳೇ ಹಿಂದಿರುಗಿದೆ. ಅವನು ಬಿರುಕಿನೆದುರು ಮಂಡಿಯೂರಿ ಹೊಸ ಗಾಜು ಅಂಟಿಸುತ್ತಿದ್ದ. ಪಕ್ಕದಲ್ಲಿ ಹಳೆಯದರ ಚೂರುಗಳಿದ್ದವು. "ಈ ತಿಂಗಳಲ್ಲಿ ಇದು ನಾಲ್ಕನೇದು," ಎಂದ, ತಿರುಗದೆ. "ಹೇಳಿದ್ರೆ ನೀವೆಲ್ಲ ಎಲ್ಲಿಗೆ ಹೋಗ್ತೀರಿ, ತಾಯಿ?"